ಡೋಣಿ ಹುಟ್ಟುವ ಕೊಳ್ಳದಲ್ಲಿ ಒಂದು ಚಳಿಯ ರಾತ್ರಿ

'ಡೋಣಿ ಬೆಳೆದರೆ ಓಣಿಯೆಲ್ಲ ಜೋಳ' ಎಂಬ ಗಾದೆಯನ್ನು ವಿಜಯಪುರ ಸೀಮೆಯಲ್ಲಿ ಕೇಳದವರು ಯಾರೂ ಇಲ್ಲ. ಡೋಣಿಯ ದಂಡೆಯ ಎರೆಹೊಲ ಒಂದು ವರ್ಷ ಮನಸ್ಸು ಮಾಡಿತೆಂದರೆ ಸಾಕು, ಹಗೇವು ತುಂಬಿ ಉಳಿದ ಜೋಳ ಓಣಿಗೆ ಬರುತ್ತದೆ ಎಂಬುದು ಹಿರಿಯರ ಮಾತು. ನಮ್ಮ ಮನೆಗಳಲ್ಲಿ ತಟ್ಟುವ ಬಿಳಿಜೋಳದ ರೊಟ್ಟಿಯಲ್ಲಿ ಈ ನದಿಯ ಪಾಲು ದೊಡ್ಡದು. ಆದರೆ ಈ ಡೋಣಿ ಹುಟ್ಟುವುದೆಲ್ಲಿ ಎಂದು ಕೇಳಿದರೆ ನಮ್ಮಲ್ಲಿ ಬಹಳ ಜನ ಪಡುವಣದತ್ತ ಕೈ ತೋರಿಸಿ ಸುಮ್ಮನಾಗುತ್ತಾರೆ.

ಡೋಣಿ ಹುಟ್ಟುವುದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಗುಡ್ಡಗಳಲ್ಲಿ. ಅಲ್ಲಿಂದ ಮೂಡಣಕ್ಕೆ ಹರಿದು, ವಿಜಯಪುರ ಜಿಲ್ಲೆಯ ನಡುವೆ ಹಾದು, ತಾಳಿಕೋಟೆಯನ್ನು ದಾಟಿ ಮುಂದೆ ಕೃಷ್ಣೆಯನ್ನು ಸೇರುತ್ತದೆ. ನಾವು ಆರು ಜನ, ಅಂದರೆ ಇಬ್ಬರು ಗುರುಗಳು ಮತ್ತು ಧರ್ಮಕೇಂದ್ರದ ನಾಲ್ವರು ಯುವಕರು, 2024ರ ಜನವರಿಯಲ್ಲಿ ಆ ಗುಡ್ಡಗಳ ಒಂದು ಕೊಳ್ಳವನ್ನು ರಾತ್ರಿಯ ಹೊತ್ತು ಹತ್ತಿ ಬಂದೆವು. ಆ ಅನುಭವವನ್ನು ಓದುಗರೊಂದಿಗೆ ಹಂಚಿಕೊಳ್ಳುವ ಆಸೆಯಿಂದ ಈ ಬರಹ.

ಜತ್ತ ಎಂಬ ಸೀಮೆ

ವಿಜಯಪುರದಿಂದ ತಿಕೋಟಾ ಮಾರ್ಗವಾಗಿ ಜತ್ತಕ್ಕೆ ಸುಮಾರು ಎರಡು ಗಂಟೆಯ ದಾರಿ. ಗಡಿ ದಾಟಿದ್ದು ರಸ್ತೆ ಬದಿಯ ಫಲಕದಿಂದ ತಿಳಿಯುತ್ತದೆಯೇ ಹೊರತು ಮಣ್ಣಿನಿಂದಲ್ಲ, ಮಾತಿನಿಂದಲೂ ಅಲ್ಲ. ಅಂಗಡಿಯ ಬೋರ್ಡು ಮರಾಠಿಯಲ್ಲಿದ್ದರೂ ಕಟ್ಟೆಯ ಮೇಲೆ ಕುಳಿತವರ ಮಾತು ಕನ್ನಡದಲ್ಲಿಯೇ ನಡೆದಿರುತ್ತದೆ. ತಾಲೂಕಿನಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳು ಇಂದಿಗೂ ಇವೆ.

ಇದು ಹಳೆಯ ಸಂಸ್ಥಾನ. ಡಫಳೆ ಮನೆತನದವರು ಆಳಿದ ಜತ್ತ ಸಂಸ್ಥಾನ 1948ರಲ್ಲಿ ಆಗಿನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಹನ್ನೆರಡನೆಯ ಶತಮಾನದ ಶರಣೆ ದಾನಮ್ಮ ಹುಟ್ಟಿದ್ದು ಈ ತಾಲೂಕಿನ ಉಮರಾಣಿಯಲ್ಲಿ ಎಂದು ಜನ ನಂಬುತ್ತಾರೆ. ಆಕೆಯ ಗುಡಿ ಇರುವ ಗುಡ್ಡಾಪುರಕ್ಕೆ ಛಟ್ಟಿ ಅಮವಾಸ್ಯೆಯ ಹೊತ್ತಿಗೆ ನಮ್ಮ ಜಿಲ್ಲೆಯಿಂದ ಸಾವಿರಾರು ಜನ ರಾತ್ರಿಯೆಲ್ಲ ಚಳಿಯಲ್ಲಿ ಪಾದಯಾತ್ರೆ ಮಾಡುತ್ತಾರೆ. ತಲೆಗೆ ಟವೆಲು ಸುತ್ತಿಕೊಂಡು ದಾರಿಯ ಬದಿಯಲ್ಲಿ ಸಾಲಾಗಿ ನಡೆಯುವ ಅವರನ್ನು ನೀವು ಕಂಡಿರುತ್ತೀರಿ.

ಅದೇ ಉಮರಾಣಿಯ ಬಳಿ 1673ರಲ್ಲಿ ಒಂದು ಯುದ್ಧವೂ ನಡೆಯಿತು. ಶಿವಾಜಿಯ ಸೇನಾಪತಿ ಪ್ರತಾಪರಾವ್ ಗುಜರ್, ಬಿಜಾಪುರದ ಸರದಾರ ಬಹಲೋಲ್ ಖಾನನ ಸೈನ್ಯಕ್ಕೆ ನೀರಿನ ದಾರಿಯನ್ನೇ ತಡೆದು ಅದನ್ನು ಮಣಿಸಿದ. ಈ ಸೀಮೆಯಲ್ಲಿ ನೀರನ್ನು ಹಿಡಿದವನ ಕೈಯೇ ಮೇಲು ಎಂಬುದು ಇಂದು ನಿನ್ನೆಯ ಮಾತಲ್ಲ.

ಸಹ್ಯಾದ್ರಿ ಮೋಡಗಳನ್ನೆಲ್ಲ ತಾನೇ ಹಿಂಡಿಕೊಂಡ ಮೇಲೆ ಇಲ್ಲಿಗೆ ತಲುಪುವುದು ಒಣಗಾಳಿ. ವರ್ಷವಿಡೀ ಸೇರಿಸಿದರೂ ಮಳೆ 500 ಮಿಲಿಮೀಟರಿನ ಆಸುಪಾಸು. ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ನಾವು ಹೋದ ಸಮಯವಂತೂ ಕಷ್ಟದ ಸಮಯ. 2023ರ ಮುಂಗಾರು ಕೈಕೊಟ್ಟು, ಕರ್ನಾಟಕದಲ್ಲಿ 223 ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಗಡಿಯ ಆಚೆಗೂ ಮುಗಿಲು ಅದೇ ತಾನೆ.

ರಾತ್ರಿಯೇ ಏಕೆ?

'ಗುಡ್ಡ ಹತ್ತುವುದಿದ್ದರೆ ಹಗಲು ಹತ್ತಬಾರದೇ?' ಎಂದು ಮನೆಯವರು ಯುವಕರನ್ನು ಕೇಳಿದ್ದರು. ನ್ಯಾಯವಾದ ಪ್ರಶ್ನೆ.

ಹಿಮದ ನಾಡಿನಲ್ಲಿ ಪರ್ವತಾರೋಹಿಗಳು ಕಡಿದಾದ ಕೊಳ್ಳಗಳನ್ನು ನಡುರಾತ್ರಿಯೇ ಹತ್ತಲು ತೊಡಗುತ್ತಾರೆ. ಅದು ಸಾಹಸದ ತೋರಿಕೆಗಲ್ಲ. ರಾತ್ರಿಯ ಚಳಿಗೆ ಹಿಮ ಗಟ್ಟಿಯಾಗಿ ಕಾಲಿಗೆ ಆಸರೆ ಕೊಡುತ್ತದೆ; ಸಡಿಲಾದ ಕಲ್ಲುಗಳೂ ಹೆಪ್ಪುಗಟ್ಟಿ ಬಂಡೆಗೆ ಅಂಟಿಕೊಂಡಿರುತ್ತವೆ. ಬಿಸಿಲೇರಿತೆಂದರೆ ಹಿಮ ಮೆತ್ತಗಾಗಿ ಜಾರುತ್ತದೆ, ಕಲ್ಲುಗಳು ಉರುಳುತ್ತವೆ. ಕೊಳ್ಳವೆಂಬುದು ಗುಡ್ಡದ ಗಂಟಲು. ಮೇಲಿನಿಂದ ಏನು ಬಿದ್ದರೂ ಅದರ ಮೂಲಕವೇ ಇಳಿಯಬೇಕು.

ಈ ವಿದ್ಯೆಯನ್ನು ಚೆನ್ನಾಗಿ ಬಲ್ಲ ಒಬ್ಬ ಗುರುಗಳ ಕಥೆಯನ್ನು ನಮ್ಮ ಯುವಕರಿಗೆ ದಾರಿಯಲ್ಲಿ ಹೇಳಿದೆವು. ಇಟಲಿ ಮತ್ತು ಸ್ವಿಟ್ಜರ್ಲೆಂಡಿನ ಗಡಿಯಲ್ಲಿರುವ ಮೋಂತೆ ರೋಸಾ 4,634 ಮೀಟರ್ ಎತ್ತರದ ಪರ್ವತ. ಅದರ ಮೂಡಣ ಮುಖದಲ್ಲಿರುವ ಹಿಮದ ಕೊಳ್ಳದಲ್ಲಿ 1881ರಲ್ಲಿ ದಾಮಿಯಾನೋ ಮರಿನೆಲ್ಲಿ ಎಂಬ ಆರೋಹಿ ಮತ್ತು ಅವನ ಇಬ್ಬರು ಮಾರ್ಗದರ್ಶಕರು ಹಿಮಪಾತಕ್ಕೆ ಸಿಕ್ಕಿ ತೀರಿಕೊಂಡರು. ಆ ಕೊಳ್ಳಕ್ಕೆ ಇಂದಿಗೂ ಮರಿನೆಲ್ಲಿಯ ಹೆಸರಿದೆ. ಎಂಟು ವರ್ಷಗಳ ನಂತರ, 1889ರ ಜುಲೈ ಕೊನೆಯಲ್ಲಿ, ಮಿಲಾನಿನ 32 ವರ್ಷದ ಗುರುಗಳೊಬ್ಬರು ತಮ್ಮ ಸಂಗಡಿಗರೊಂದಿಗೆ ಅದೇ ಮುಖವನ್ನು ಹತ್ತಿದರು. ಶಿಖರದ ಸಮೀಪ ಕತ್ತಲಾಯಿತು. ಕಲ್ಲಿನ ಕಿರಿದಾದ ಅಂಚಿನ ಮೇಲೆ, ಮಲಗಲೂ ಜಾಗವಿಲ್ಲದೆ, ಇಡೀ ರಾತ್ರಿ ಎಚ್ಚರವಿದ್ದು ಕಳೆದು, ಮರುದಿನ ಆಚೆಯ ಬದಿಗೆ ಇಳಿದರು. ಆ ಗುರುಗಳ ಹೆಸರು ಅಕೀಲೆ ರಾತ್ತಿ. 1922ರಲ್ಲಿ ಅವರು ಹನ್ನೊಂದನೇ ಪಿಯುಸ್ ಜಗದ್ಗುರುಗಳಾದರು. ಮರುವರ್ಷ, 1923ರಲ್ಲಿ, ಆಲ್ಪ್ಸ್‌ ಕಣಿವೆಯಲ್ಲಿ ದಾರಿಹೋಕರಿಗೆ ಆಶ್ರಯಧಾಮ ಕಟ್ಟಿಸಿದ ಸಂತ ಬರ್ನಾರ್ಡರನ್ನು ಪರ್ವತವಾಸಿಗಳ ಮತ್ತು ಆರೋಹಿಗಳ ಪಾಲಕರೆಂದು ಘೋಷಿಸಿದವರೂ ಅವರೇ.

ಜತ್ತದಲ್ಲಿ ಹಿಮವೂ ಇಲ್ಲ, ಅಷ್ಟು ಎತ್ತರವೂ ಇಲ್ಲ. ಇಲ್ಲಿ ರಾತ್ರಿ ಹತ್ತುವುದಕ್ಕೆ ಕಾರಣ ಬೇರೆ ಇದೆ ಎಂದು ನಮಗೆ ದಾರಿ ತೋರಿಸಲು ಒಪ್ಪಿದ ಕುರಿಗಾಹಿ ಕಾಕಾ ಮೊದಲೇ ಹೇಳಿದ್ದರು. ಏನೆಂದು ಮಾತ್ರ ಹೇಳಿರಲಿಲ್ಲ. 'ಬರ್ರಿ, ನೀವಽ ನೋಡೀರಂತ' ಎಂದಿದ್ದರು ಅಷ್ಟೇ.

ಕೊಳ್ಳದ ದಾರಿ

ಎಳ್ಳ ಅಮವಾಸ್ಯೆ ಮುಗಿದ ಮರುದಿನ, ಶುಕ್ರವಾರ. ಸಂಜೆಯ ಎಳೆಚಂದ್ರ ಬೇಗನೆ ಮುಳುಗಿ ಹೋಗಿತ್ತು. ಕಾಕಾರ ಹಟ್ಟಿಯ ಬಳಿ ಒಲೆಯ ಮುಂದೆ ಕುಳಿತು ಸಜ್ಜೆರೊಟ್ಟಿ, ಶೇಂಗಾ ಹಿಂಡಿ, ಹಬ್ಬಕ್ಕೆಂದು ಮಾಡಿ ಉಳಿದಿದ್ದ ಶೇಂಗಾ ಹೋಳಿಗೆ ತಿಂದೆವು. ಅವರ ಕುರಿಗಳು ಮಾಡಗ್ಯಾಳ ತಳಿಯವು. ಉದ್ದ ಕಾಲು, ಬಿಳಿ ಮೈಯ ಮೇಲೆ ಕಂದು ಮಚ್ಚೆ, ಗಿಣಿಯ ಕೊಕ್ಕಿನಂತೆ ಬಾಗಿದ ಮೂಗು. ಈ ತಳಿಗೆ ಹೆಸರು ಕೊಟ್ಟ ಮಾಡಗ್ಯಾಳ ಊರು ಇದೇ ತಾಲೂಕಿನಲ್ಲಿದೆ.

ಕಾಕಾ ಕುರಿಗಳನ್ನು ತಗ್ಗಿನಲ್ಲಿ ಕೂಡಿಹಾಕಿರಲಿಲ್ಲ. ಗುಡ್ಡದ ಸೊಂಟದ ಎತ್ತರದಲ್ಲಿ ನಿಲ್ಲಿಸಿದ್ದರು. 'ತಗ್ಗಿನ್ಯಾಗ ಚಳಿ ಕುಂಡರ್ತೈತ್ರಿ' ಎಂದರು. ಇದು ಅವರು ಶಾಲೆಯಲ್ಲಿ ಕಲಿತದ್ದಲ್ಲ, ಆದರೆ ವಿಜ್ಞಾನವೂ ಅದನ್ನೇ ಹೇಳುತ್ತದೆ. ಮೋಡವಿಲ್ಲದ ಚಳಿಗಾಲದ ರಾತ್ರಿ ನೆಲದ ಕಾವು ಆಕಾಶಕ್ಕೆ ಹೊರಟುಹೋಗುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ, ನೀರಿನಂತೆಯೇ ಇಳಿಜಾರು ಹಿಡಿದು ತಗ್ಗಿಗೆ ಬಂದು ನಿಲ್ಲುತ್ತದೆ. ಆದ್ದರಿಂದ ನೀರಿಲ್ಲದ ಕಾಲದಲ್ಲಿಯೂ ಕೊಳ್ಳ ಹರಿಯುತ್ತಲೇ ಇರುತ್ತದೆ. ಹರಿಯುವುದು ಚಳಿ ಮಾತ್ರ.

ನಾವು ಬೆಳಗಿನ ಮೂರು ಗಂಟೆಗೆ ಹೊರಟಾಗ ಆ ಹರಿವಿಗೆ ಎದುರಾಗಿ ಹತ್ತಬೇಕಾಯಿತು. ಮೊಣಕಾಲಿನವರೆಗೆ ಯಾರೋ ತಣ್ಣೀರು ಸುರಿದಂತೆ. ಕಿವಿಗೆ ಮಫ್ಲರ್, ಮೈಗೆ ಸ್ವೆಟರ್ ಇದ್ದರೂ ಹಲ್ಲು ಕಟಕಟ ಎನ್ನುತ್ತಿದ್ದವು. ಕಾಕಾ ಮಾತ್ರ ಒಂದು ಕರಿ ಕಂಬಳಿಯ ಕೊಪ್ಪೆ ಹಾಕಿಕೊಂಡು ಮುಂದೆ ನಡೆದಿದ್ದರು.

ಕೊಳ್ಳದ ಬಾಯಿಯಲ್ಲಿ ದಾರಿ ಸಲೀಸು. ಮರಳು, ಗರಸು, ಅಲ್ಲಲ್ಲಿ ಜಾಲಿ ಮತ್ತು ಬಾರಿಕಂಟಿ. ಮುಂದೆ ಎರಡೂ ಬದಿಯ ದಂಡೆಗಳು ಹತ್ತಿರವಾಗುತ್ತ ಬಂದು, ಕಲ್ಲಿನ ಮೆಟ್ಟಿಲುಗಳು ಶುರುವಾಗುತ್ತವೆ. ಇವು ಯಾರೂ ಕಟ್ಟಿದ ಮೆಟ್ಟಿಲುಗಳಲ್ಲ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಉಕ್ಕಿದ ಲಾವಾ ಪದರ ಪದರವಾಗಿ ಹರಡಿ ಈ ದಖ್ಖನ್ ಪ್ರಸ್ಥಭೂಮಿಯಾಯಿತು. ಗಟ್ಟಿ ಕರಿಕಲ್ಲಿನ ಒಂದು ಪದರ, ಅದರ ಕೆಳಗೆ ಪುಡಿಯಾಗುವ ಮೆತ್ತನೆಯ ಪದರ, ಮತ್ತೆ ಗಟ್ಟಿ. ನೀರು ಮೆತ್ತನೆಯದನ್ನು ತಿಂದು ಗಟ್ಟಿಯಾದುದನ್ನು ಬಿಟ್ಟಿದೆ. ಅದಕ್ಕಾಗಿಯೇ ಈ ಸೀಮೆಯ ಗುಡ್ಡಗಳು ದೂರದಿಂದ ಅಟ್ಟಣೆಗಳಂತೆ ಕಾಣುತ್ತವೆ.

ಕತ್ತಲಲ್ಲಿ ಒಂದೊಂದು ಮೆಟ್ಟಿಲೂ ಒಂದೊಂದು ಪರೀಕ್ಷೆ. ಕೆಲವೆಡೆ ಆಳುದ್ದದ ಕಲ್ಲನ್ನು ಕೈಯೂರಿ ಹತ್ತಬೇಕಿತ್ತು. ಮೇಲೆ ಹೋದವನ ಕಾಲ ಕೆಳಗಿನಿಂದ ಒಂದು ಕಲ್ಲು ಜಾರಿದರೆ ಅದು ಕೊಳ್ಳದುದ್ದಕ್ಕೂ ಸದ್ದು ಮಾಡುತ್ತ ಹೋಗುತ್ತಿತ್ತು. ಅಂತಹ ಒಂದು ಕಲ್ಲು ನಮ್ಮ ಹುಡುಗನೊಬ್ಬನ ಭುಜ ಸವರಿಕೊಂಡು ಹೋದಾಗ ಎಲ್ಲರೂ ಸ್ತಬ್ಧರಾದೆವು. ಅಲ್ಲಿಂದ ಮುಂದೆ ಕಾಕಾರ ಆಜ್ಞೆಯಂತೆ ಒಬ್ಬರು ಹತ್ತಿ ಬದಿಗೆ ಸರಿಯುವವರೆಗೆ ಇನ್ನೊಬ್ಬರು ಕಲ್ಲಿನ ಮರೆಯಲ್ಲಿ ನಿಲ್ಲುವುದೆಂದಾಯಿತು. ಬ್ಯಾಟರಿಯನ್ನು ದೂರಕ್ಕೆ ಬಿಡಬೇಡಿ, ಕಾಲಿಗೆ ಬಿಡಿ ಎಂಬುದು ಅವರ ಇನ್ನೊಂದು ಮಾತು. 'ಹಗಲ ಗುಡ್ಡ ಕಾಣ್ತೈತಿ, ಅಂಜಿಕಿ ಬರ್ತೈತಿ. ರಾತ್ರಿ ಒಂದ ಹೆಜ್ಜಿ ಕಾಣ್ತೈತಿ, ಅಷ್ಟ ಸಾಕ್ರಿ.'

ಒಂದು ತಿರುವಿನಲ್ಲಿ ದಣಿವಾರಿಸಿಕೊಳ್ಳುವಾಗ ಯುವಕನೊಬ್ಬ ಹನುಮಂತಪ್ಪ ಕೊಪ್ಪದ ಅವರನ್ನು ನೆನೆದ. ಕುಂದಗೋಳ ತಾಲೂಕಿನ ಬೆಟದೂರಿನ ಆ ಯೋಧ, ಎರೆಹೊಲದ ನಾಡಿನ ಮಗ, 19,000 ಅಡಿಗೂ ಎತ್ತರದ ಸಿಯಾಚಿನ್ ನೆಲೆಯಲ್ಲಿ 2016ರ ಫೆಬ್ರುವರಿ 3ರಂದು ಹಿಮಪಾತಕ್ಕೆ ಸಿಕ್ಕಿದರು. ಆರನೆಯ ದಿನ ಹಿಮದಡಿಯಿಂದ ಜೀವಂತವಾಗಿ ಅವರನ್ನು ತೆಗೆದಾಗ ಇಡೀ ದೇಶ ಪ್ರಾರ್ಥಿಸಿತು. ಫೆಬ್ರುವರಿ 11ರಂದು ದೆಹಲಿಯಲ್ಲಿ ಅವರು ತೀರಿಕೊಂಡರು. ಅಂದು ಮಡಿದ ಹತ್ತು ಯೋಧರಲ್ಲಿ ಹಾಸನ ಮತ್ತು ಮೈಸೂರು ಜಿಲ್ಲೆಗಳ ಒಬ್ಬೊಬ್ಬರೂ ಇದ್ದರು. ಆಮೇಲೆ ಸ್ವಲ್ಪ ಹೊತ್ತು ಚಳಿಯ ಬಗ್ಗೆ ಯಾರೂ ಮಾತೆತ್ತಲಿಲ್ಲ.

ಒರತೆಯ ಮುಂದೆ

ಐದು ಗಂಟೆಯ ಸುಮಾರಿಗೆ ಮೂಡಣದ ಕೊರಕಲಿನಲ್ಲಿ ಬೆಳ್ಳಿ ಮೂಡಿತು. ಅದೇ ಹೊತ್ತಿಗೆ ಮೇಲಿನಿಂದ ಲೋಹಕ್ಕೆ ಕಲ್ಲು ತಾಗಿದ ಸಣ್ಣ ಸದ್ದು ಕೇಳಿಸಿತು. ಕುರಿಯ ಗಂಟೆಯಿರಬಹುದೆಂದು ನಾವು ಅಂದುಕೊಂಡೆವು. ಕಾಕಾ ನಿಂತರು. 'ನಾ ಅಂದಿನೆಲ್ಲ, ರಾತ್ರಿ ಯಾಕ ಅಂತ? ನೋಡ್ರಿ' ಎಂದರು.

ದೊಡ್ಡ ಕಲ್ಲಿನ ಪದರದ ಬುಡದಲ್ಲಿ ಒಂದು ಒರತೆ. ಗಟ್ಟಿ ಕಲ್ಲಿನ ಕೆಳಗಿನ ಮೆತ್ತನೆಯ ಪದರದಿಂದ ಹನಿಹನಿಯಾಗಿ ಒಸರುವ ನೀರು ಅಂಗೈ ಆಳದ ಗುಂಡಿಯಲ್ಲಿ ಸೇರುತ್ತಿತ್ತು. ಅದರ ಮುಂದೆ ಮೊಣಕಾಲೂರಿ ಕುಳಿತ ಒಬ್ಬ ತಾಯಿ ವಾಟಿಯಿಂದ ನೀರನ್ನು ಮೊಗೆದು ಕೊಡಕ್ಕೆ ಹಾಕುತ್ತಿದ್ದಳು. ಪಕ್ಕದಲ್ಲಿ ಮಗಳು ಬ್ಯಾಟರಿ ಹಿಡಿದಿದ್ದಳು. ಎರಡು ಸ್ಟೀಲ್ ಕೊಡ, ಎರಡು ಸಿಂಬಿ. ಹಿಂದೆ ಇನ್ನೂ ಇಬ್ಬರು ಹೆಂಗಸರು ಸೆರಗು ಹೊದ್ದುಕೊಂಡು ತಮ್ಮ ಪಾಳಿಗೆ ಕಾದಿದ್ದರು. ಅವರು ನಮ್ಮ ಹಾಗೆ ಕೊಳ್ಳದ ಕಲ್ಲುಗಳನ್ನು ಹತ್ತಿ ಬಂದವರಲ್ಲ. ಮೇಲಿನ ಮಡ್ಡಿಯ ವಸ್ತಿಯಿಂದ ಕಾಲುದಾರಿ ಹಿಡಿದು ಇಳಿದು ಬಂದವರು. ತುಂಬಿದ ಕೊಡ ಹೊತ್ತು ಅದೇ ಕಡಿದಾದ ದಾರಿಯನ್ನು ಹತ್ತಬೇಕು.

'ಅವ್ವಾ, ಇಷ್ಟು ಕತ್ತಲಾಗ ಯಾಕ ಬರ್ತೀರಿ?' ಎಂದು ಕೇಳಿದೆವು.

'ರಾತ್ರಿಯೆಲ್ಲ ಯಾರೂ ಮೊಗಿಯಂಗಿಲ್ಲಲ್ರಿ ಗುರುಗಳ, ಬೆಳಗಾಗೂದ್ರಾಗ ಒಂದೀಟು ನಿಂತಿರ್ತೈತಿ. ಮೊದಲ ಬಂದವರಿಗೆ ತಿಳಿನೀರು. ಬಿಸಲೇರಿದ ಮ್ಯಾಲ ಬಂದ್ರ ರಾಡಿ' ಎಂದಳು ಆಕೆ, ಕೈ ನಿಲ್ಲಿಸದೆ.

ಅವರ ವಸ್ತಿಯ ಬಾವಿ ದೀಪಾವಳಿಗೇ ಬತ್ತಿತ್ತು. ಬೋರಿನ ನೀರು ಸವಳು. ಬಳಸಲು ಬರುತ್ತದೆ, ಕುಡಿಯಲು ಬಾರದು. ಬೇಸಿಗೆಯಲ್ಲಿ ಟ್ಯಾಂಕರ್ ಬರುತ್ತದೆ, ಆದರೆ ಜನವರಿಯಲ್ಲಿ ಅದರ ಮಾತಿಲ್ಲ. ಗಂಡ ಕಬ್ಬು ಕಡಿಯುವ ಗ್ಯಾಂಗಿನೊಂದಿಗೆ ಪಡುವಣದ ಕಾರಖಾನೆಯ ಕಡೆಗೆ ಹೋಗಿದ್ದಾನೆ. ಈ ತಾಲೂಕಿನ ಎಷ್ಟೋ ಕುಟುಂಬಗಳು ದೀಪಾವಳಿಯಿಂದ ಯುಗಾದಿಯ ತನಕ ಹೀಗೆ ಕಬ್ಬಿನ ಹಿಂದೆ ಹೋಗುವುದು ರೂಢಿ. ಮಗಳು ಒಂಬತ್ತನೆಯ ತರಗತಿ, ಕನ್ನಡ ಶಾಲೆ. ಮಗಳ ಶಾಲೆ ತಪ್ಪಬಾರದೆಂದೇ ತಾಯಿ ಈ ವರ್ಷ ಕಬ್ಬಿಗೆ ಹೋಗದೆ ಉಳಿದಿದ್ದಾಳೆ.

ನಮ್ಮ ಹುಡುಗರು ಕೊಡ ಹೊರಲು ಮುಂದಾದರು. ತಾಯಿ ನಕ್ಕು, 'ನೀವ ಬೀಳ್ತೀರೋ ಇಲ್ಲೋ ಗೊತ್ತಿಲ್ಲ, ನೀರು ಚಲ್ತೈತ್ರಿ' ಎಂದಳು. ಕೊನೆಗೆ ಮಗಳ ಕೊಡವನ್ನು ಇಬ್ಬರು ಹುಡುಗರು ಕೈಯಿಂದ ಕೈಗೆ ಸಾಗಿಸಿದರು. ಮಡ್ಡಿಯ ಅಂಚು ತಲುಪುವಷ್ಟರಲ್ಲಿ ಆ ಚಳಿಯಲ್ಲಿಯೂ ಇಬ್ಬರೂ ಬೆವೆತಿದ್ದರು. ಆ ಹುಡುಗಿ ಮಾತ್ರ ಅಷ್ಟರಲ್ಲಿ ಬರಿಗೈಯಲ್ಲಿ ಹಾರುತ್ತ ಮೇಲೆ ಹೋಗಿ ನಿಂತು ನಗುತ್ತಿದ್ದಳು.

ಮೇಲಿನಿಂದ ಕಂಡದ್ದು

ಆರೂವರೆಗೆ ಮಡ್ಡಿಯ ನೆತ್ತಿಯಲ್ಲಿದ್ದೆವು. ಮೂಡಣ ಕೆಂಪಾಯಿತು. ಕೆಳಗೆ ಕೊಳ್ಳಗಳೆಲ್ಲ ಒಂದನ್ನೊಂದು ಕೂಡುತ್ತ ಒಂದೇ ಹಳ್ಳವಾಗಿ ನಮ್ಮ ಜಿಲ್ಲೆಯ ಕಡೆಗೆ ತಿರುಗುವುದು ಕಂಡಿತು. ಇದೇ ಡೋಣಿಯ ಮೂಲವೆಂದು ಒಂದು ಕಲ್ಲಿಗೆ ಬೊಟ್ಟಿಟ್ಟು ಹೇಳಲಾಗದು. ಇಂತಹ ಹತ್ತಾರು ಕೊಳ್ಳಗಳು ಕೂಡಿ ಡೋಣಿ ಆಗುತ್ತದೆ. ಆ ತಾಯಿಯ ವಾಟಿಗೆ ಸಿಕ್ಕದೆ ಉಳಿದ ಹನಿಯೂ ಅದರಲ್ಲಿ ಸೇರಿದೆ.

ಗುಡ್ಡದ ಮೈಮೇಲೆ ಅಡ್ಡಡ್ಡ ತೋಡಿದ ಕಾಲುವೆಗಳ ಗೆರೆಗಳೂ ಕಂಡವು. ಮಳೆಯ ನೀರು ಓಡಿಹೋಗದೆ ನಿಂತು ಇಂಗಲೆಂದು ತೋಡಿದವು ಇವು. ಮಹಾರಾಷ್ಟ್ರ ಸರಕಾರ 2014ರ ಕೊನೆಯಲ್ಲಿ ಜಲಯುಕ್ತ ಶಿವಾರ್ ಯೋಜನೆಯನ್ನು ಆರಂಭಿಸಿತು. 2016ರಿಂದ 2019ರವರೆಗೆ ಪಾನಿ ಫೌಂಡೇಶನ್ ನಡೆಸಿದ ವಾಟರ್ ಕಪ್ ಸ್ಪರ್ಧೆಯಲ್ಲಿ ಆ ರಾಜ್ಯದ ಬರಪೀಡಿತ ಹಳ್ಳಿಗಳ ಜನ ಬೇಸಿಗೆಯಲ್ಲಿ ಸ್ವತಃ ಗುದ್ದಲಿ ಹಿಡಿದು ಶ್ರಮದಾನ ಮಾಡಿದರು. ನಾವು ಕಂಡ ಕಾಲುವೆಗಳಲ್ಲಿ ಕೆಲವು ಹೂಳು ತುಂಬಿ ಅರ್ಧಕ್ಕೆ ಬಂದಿದ್ದವು. ತೋಡಿದ ಮೇಲೆ ವರ್ಷವರ್ಷವೂ ನೋಡಿಕೊಳ್ಳುವವರು ಬೇಕು. 'ಒರತಿ ಇನ್ನೂ ಜೀವ ಹಿಡದೈತಿ ಅಂದ್ರ ಈ ಕಾಲುವಿಂದನಽ' ಎಂದು ಕಾಕಾ ಹೇಳಿದರು.

ಕೃಷ್ಣೆಯ ನೀರನ್ನು ಮಿರಜ ತಾಲೂಕಿನ ಮ್ಹೈಸಾಳದಿಂದ ಮೇಲೆತ್ತಿ ಜತ್ತದ ಒಂದು ಭಾಗಕ್ಕೆ ತರಲಾಗಿದೆ. ನೀರು ಮುಟ್ಟಿದಲ್ಲಿ ದ್ರಾಕ್ಷಿ, ದಾಳಿಂಬೆ ಹಸಿರಾಗಿವೆ. ಉಳಿದ ಹಳ್ಳಿಗಳಿಗಾಗಿ ವಿಸ್ತರಿತ ಯೋಜನೆ ಮಂಜೂರಾಗಿದೆ. ನೀರು ಬರಲಿಲ್ಲವೆಂಬ ಬೇಸರದಲ್ಲಿ 2012ರಲ್ಲಿ ಇಲ್ಲಿನ ಕೆಲವು ಗ್ರಾಮ ಪಂಚಾಯತಿಗಳು ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದ್ದವು. 2022ರ ನವೆಂಬರಿನಲ್ಲಿ ಅದು ಮತ್ತೆ ಎರಡೂ ರಾಜ್ಯಗಳಲ್ಲಿ ದೊಡ್ಡ ಸುದ್ದಿಯಾಯಿತು. ಗಡಿಯ ವಾದ ನ್ಯಾಯಾಲಯದಲ್ಲಿದೆ, ಅದರ ತೀರ್ಪು ನಮ್ಮ ಕೆಲಸವಲ್ಲ. ಆದರೆ ಒರತೆಯ ಮುಂದೆ ಕುಳಿತ ಆ ತಾಯಿಗೆ ಎರಡು ಕೊಡ ತಿಳಿನೀರು ಯಾವ ಕಡೆಯಿಂದ ಬಂದರೂ ಸರಿಯೇ.

ಕೆಳಗಿನವರ ಪಾಲು

ಪ್ರಿಯ ಓದುಗರೇ, ಮೇಲೆ ವಾಟಿಯಲ್ಲಿ ಮೊಗೆಯುವ ಇದೇ ಡೋಣಿ ಕೆಳಗೆ ನಮ್ಮಲ್ಲಿ ಮಾಡುವುದೇನು? ಜೋರು ಮಳೆ ಬಂತೆಂದರೆ ದಂಡೆ ಮೀರಿ ಹೊಲಕ್ಕೆ ನುಗ್ಗುತ್ತದೆ, ಸೇತುವೆ ಮುಳುಗಿಸುತ್ತದೆ, ನಿಂತ ಬೆಳೆಯನ್ನು ಕೊಚ್ಚಿಕೊಂಡು ಹೋಗುತ್ತದೆ. ಪಾತ್ರದ ತುಂಬ ಹೂಳು, ಹೂಳಿನ ಮೇಲೆ ಜಾಲಿ. ಆ ಹೂಳು ಬಂದದ್ದೆಲ್ಲಿಂದ? ಬೋಳು ಗುಡ್ಡಗಳಿಂದ, ಮರ ಕಡಿದ ಕೊಳ್ಳಗಳಿಂದ, ಒಡ್ಡು ಒಡೆದ ಹೊಲಗಳಿಂದ. ಮೇಲೆ ಬರವೆನಿಸುವುದೂ ಕೆಳಗೆ ನೆರೆಯೆನಿಸುವುದೂ ಒಂದೇ ರೋಗದ ಎರಡು ಮುಖ. ಬಿದ್ದ ಮಳೆ ಗುಡ್ಡದಲ್ಲಿ ನಿಲ್ಲದೆ ಓಡಿಬಿಡುತ್ತದೆ. ಆದ್ದರಿಂದ ಅಲ್ಲಿ ಒರತೆ ಬತ್ತುತ್ತದೆ, ಇಲ್ಲಿ ಹೊಲ ಕೊಚ್ಚಿಹೋಗುತ್ತದೆ. ಒಂದು ಅಂಗುಲ ಮಣ್ಣು ಹುಟ್ಟಲು ನೂರಾರು ವರ್ಷ ಬೇಕು, ಹೋಗಲು ಒಂದು ಸಂಜೆಯ ಮಳೆ ಸಾಕು.

ಹಾಗಾದರೆ ನಾವೇನು ಮಾಡಬಹುದು? ದೊಡ್ಡ ಯೋಜನೆಗಳು ಸರಕಾರದ ಕೆಲಸ. ಆದರೆ ಹೊಲದ ಒಡ್ಡನ್ನು ಮಳೆಗಾಲಕ್ಕೆ ಮೊದಲು ಸರಿಮಾಡುವುದು, ಒಡ್ಡಿನ ಮೇಲೆ ಹುಲ್ಲು ಹಚ್ಚುವುದು, ಮನೆಯ ಛಾವಣಿಯ ನೀರನ್ನು ತೊಟ್ಟಿಗೆ ಇಳಿಸುವುದು, ಹಳ್ಳದ ದಂಡೆಯ ಮರ ಕಡಿಯದಿರುವುದು, ಇವು ನಮ್ಮ ಕೈಯಲ್ಲಿಯೇ ಇವೆ. ನಮ್ಮ ಯುವಕರು ಹಿಂತಿರುಗುವಾಗ ಗಾಡಿಯಲ್ಲಿಯೇ ತೀರ್ಮಾನ ಮಾಡಿ, ಅದೇ ವರ್ಷದ ಏಪ್ರಿಲ್‌ನಲ್ಲಿ ನಾಲ್ಕು ಶನಿವಾರ ಗುದ್ದಲಿ ಬುಟ್ಟಿ ಹಿಡಿದು ಅಲ್ಲಿಗೆ ಹೋಗಿ, ಕಾಕಾ ತೋರಿಸಿದ ಕಾಲುವೆಗಳ ಹೂಳು ತೆಗೆದರು. ಊರಿನವರೂ ಕೂಡಿಕೊಂಡರು. ಕೆಲಸ ದೊಡ್ಡದಲ್ಲ, ಮೂವತ್ತು ಆಳಿನ ಕೆಲಸ. ಆದರೆ ಕೆಳಗಿನವರು ಮೇಲಿನವರ ಗುಡ್ಡಕ್ಕೆ ಹೋಗಿ ಮಣ್ಣು ಹೊತ್ತದ್ದು ಆ ಊರಿನಲ್ಲಿ ಹೊಸ ಸಂಗತಿಯಾಗಿತ್ತು.

ನೀವೂ ಒಮ್ಮೆ ಹೋಗಿ ಬನ್ನಿ. ಡಿಸೆಂಬರ್, ಜನವರಿ ಒಳ್ಳೆಯ ತಿಂಗಳು. ಮಳೆಗಾಲದಲ್ಲಿ ಮಾತ್ರ ಯಾವ ಕೊಳ್ಳಕ್ಕೂ ಇಳಿಯಬೇಡಿ. ಎಲ್ಲೋ ದೂರದಲ್ಲಿ ಬಿದ್ದ ಮಳೆ ಇಲ್ಲಿ ಗಳಿಗೆಯಲ್ಲಿ ತುಂಬಿ ಬರುತ್ತದೆ. ಗಟ್ಟಿ ಬೂಟು, ಬ್ಯಾಟರಿ, ಬೆಚ್ಚನೆಯ ಬಟ್ಟೆ, ಊರಿನವರೊಬ್ಬರ ಜೊತೆ ಇವಿಷ್ಟು ಬೇಕು. ಇನ್ನೊಂದು ಮಾತು: ಕುಡಿಯುವ ನೀರನ್ನು ಮನೆಯಿಂದಲೇ ತುಂಬಿಕೊಂಡು ಹೋಗಿ. ಒರತೆಯ ನೀರು ಎಷ್ಟೇ ತಿಳಿಯಾಗಿದ್ದರೂ ಅದಕ್ಕೆ ಕೈ ಹಚ್ಚಬೇಡಿ. ರಾತ್ರಿಯೆಲ್ಲ ಹನಿಹನಿಯಾಗಿ ಕೂಡಿದ ಆ ನೀರಿಗೆ ಕತ್ತಲಲ್ಲಿ ಎದ್ದು ಬರುವ ಒಡತಿಯರಿದ್ದಾರೆ.